ಪೋರ್ಟ್ ಮಕ್ವಾರಿಯಿಂದ ಬಲಿನಾ: ಕೋಆಲಾ ಹಿಕ್ಕೆ ಸಮೀಕ್ಷೆ, ಇಲ್ಲಿಯವರೆಗೆ

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಕರಾವಳಿಯ ಪೆಸಿಫಿಕ್ ಹೈವೇ ಆಸುಪಾಸಿನಲ್ಲಿ ಕಾಫ್ಸ್ ಹಾರ್ಬರ್‌ವರೆಗಿನ ತಾಣಗಳು ಮುಗಿದಿವೆ, ಉತ್ತರದವು ಬಾಕಿ. ಪ್ರಾಣಿಯನ್ನೇ ಎಣಿಸುವುದು ಇಲ್ಲಿ ಕೆಲಸಕ್ಕೆ ಬಾರದು. ದಿನಕ್ಕೆ 18–20 ಗಂಟೆ ಕವಲಲ್ಲಿ ಅಲುಗಾಡದೆ ಕೂತದ್ದು ಕೆಳಗಿನಿಂದ ಮರದ ಗಂಟಿನಂತೆ ಕಾಣುತ್ತದೆ. ಅದಕ್ಕೇ ಹಿಕ್ಕೆ.

ಹಿಕ್ಕೆ ಸಿಕ್ಕ ಮರವನ್ನು ನಡುವೆ ಇಟ್ಟುಕೊಂಡು ಅದಕ್ಕೆ ಹತ್ತಿರದ ಇನ್ನೂ 29 ಮರ ಗುರುತಿಸಬೇಕು. ಎದೆಮಟ್ಟದಲ್ಲಿ ಕಾಂಡದ ಅಡ್ಡಳತೆ ಕನಿಷ್ಠ 10 ಸೆಂ.ಮೀ. ಇರಲಿ, ಜಾತಿ ಯಾವುದಾದರೂ ಸರಿ. ಬುಡದ ಸುತ್ತ ಒಂದು ಮೀಟರ್ ತರಗೆಲೆ ಕೆದಕಿ ಎರಡು ನಿಮಿಷ ಹುಡುಕಿ. ಒಂದು ಹಿಕ್ಕೆ ಸಿಕ್ಕರೂ ಸಾಕು, ಮುಂದಿನ ಮರ. 30ರಲ್ಲಿ 9 ಮರದಡಿ ಸಿಕ್ಕರೆ ಆ ತಾಣದಲ್ಲಿ ಕೋಆಲಾ ಓಡಾಟದ ಮಟ್ಟ ಶೇ. 30. ಜೋರು ಮಳೆಯ ಬೆನ್ನಿಗೇ ಹೋದರೆ ಎಲ್ಲ ಕೊಚ್ಚಿಹೋಗಿ ಸೊನ್ನೆ ಬರುತ್ತದೆ, ಆ ಸೊನ್ನೆಯನ್ನು ನಂಬಬೇಡಿ. ಪಾಸಮ್ (ಮರವೇರುವ ಇನ್ನೊಂದು ಹೊಟ್ಟೆಚೀಲದ ಪ್ರಾಣಿ) ಹಿಕ್ಕೆಯೂ ಮೋಸ ಮಾಡುತ್ತದೆ: ಅದರ ಗಾತ್ರ, ಆಕಾರ ಒಂದೇ ಸಮ ಇರುವುದಿಲ್ಲ. ಕೋಆಲಾದ್ದು ಸುಮಾರು ಒಂದೂವರೆ ಸೆಂ.ಮೀ., ಗಟ್ಟಿ, ಉದ್ದಕ್ಕೆ ಸಣ್ಣ ಗೆರೆ. ಮುರಿದರೆ ನುಣ್ಣನೆ ಪುಡಿ, ಹೊಸದಾದರೆ ನೀಲಗಿರಿ ವಾಸನೆ.

ಮೊದಲು ನೋಡಬೇಕಾದ ಮರಗಳು ಕೋಆಲಾ ಇಷ್ಟಪಟ್ಟು ತಿನ್ನುವ ನೀಲಗಿರಿ ಜಾತಿಗಳು: ಟ್ಯಾಲೋವುಡ್, ಸ್ವಾಂಪ್ ಮಹೋಗನಿ, ಫಾರೆಸ್ಟ್ ರೆಡ್ ಗಮ್. (ಕೋಲಾರದ ಕಡೆಯ ನೀಲಗಿರಿ ತೋಪುಗಳ 'ಮೈಸೂರು ಗಮ್' ಹೆಚ್ಚಾಗಿ ಈ ಕೊನೆಯದರ ಸಂತತಿಯೇ.) ತೊಂದರೆ ಏನೆಂದರೆ ಇವು ಬೆಳೆಯುವುದು ಫಲವತ್ತಾದ ತಗ್ಗು ನೆಲದಲ್ಲಿ, ಹೊಲ, ಬಡಾವಣೆ, ರಸ್ತೆಗೂ ಅದೇ ನೆಲ ಬೇಕು. 2022ರ ಫೆಬ್ರುವರಿಯಲ್ಲಿ ಈ ರಾಜ್ಯದ ಕೋಆಲಾಗಳು ಅಳಿವಿನಂಚಿನ ಪಟ್ಟಿಗೆ ಸೇರಿದ್ದರ ಹಿಂದೆ ಕಾಳ್ಗಿಚ್ಚು, ಬರ, ಕ್ಲಮಿಡಿಯಾ ರೋಗದ ಜೊತೆಗೆ ಈ ನೆಲದ ಜಗಳವೂ ಇದೆ.

ಹೈವೇಯ ವೂಲ್‌ಗೂಲ್ಗಾ–ಬಲಿನಾ ಭಾಗ 2020ರ ಕೊನೆಗೆ ಅಗಲವಾದಾಗ ಬೇಲಿ, ಪ್ರಾಣಿಗಳು ದಾಟಲು ಕೆಳದಾರಿಗಳೂ ಬಂದವು. ಬೇಲಿ ಸೋಲುವುದು ಎರಡು ಕಡೆ: ಮರ ಅದರ ಮೇಲೆ ಬಾಗಿದಲ್ಲಿ, ಮತ್ತು ಅಡ್ಡರಸ್ತೆ ಸೇರುವಲ್ಲಿ ಬಿಟ್ಟ ಬಾಯಿಯಲ್ಲಿ. ಅಡ್ಡರಸ್ತೆಗಳಿಗೆ ಹೆಚ್ಚಾಗಿ ಬೇಲಿಯೇ ಇರುವುದಿಲ್ಲ. ಆದ್ದರಿಂದ ಉತ್ತರದಲ್ಲಿ ಹೈವೇಗಿಂತ ಮೊದಲು ಅವುಗಳ ಅಂಚು ನೋಡಬೇಕು, ಅದೂ ಆಗಸ್ಟ್‌ಗೆ ಮುಂಚೆ. ಆಮೇಲೆ ಬೆದೆಗಾಲ, ಗಂಡುಗಳು ರಾತ್ರಿ ನೆಲಕ್ಕಿಳಿದು ತಿರುಗುತ್ತವೆ.

ಕಾರಿನಲ್ಲಿ ಇಡಬೇಕಾದ್ದು: ಅಳತೆ ಟೇಪು, ಕೈಗವಸು, ದಪ್ಪ ಕಂಬಳಿ, ವನ್ಯಜೀವಿ ರಕ್ಷಣಾ ದಳದ ನಂಬರು. ಗಾಯಗೊಂಡ ಕೋಆಲಾಕ್ಕೆ ಬಾಟಲಿಯಿಂದ ನೀರು ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಹೆಣ್ಣು ಸತ್ತಿದ್ದರೂ ಹೊಟ್ಟೆಚೀಲ ನೋಡಲೇಬೇಕು. ಮರಿ ತೊಟ್ಟು ಕಚ್ಚಿಕೊಂಡಿದ್ದರೆ ಎಳೆಯದೆ ರಕ್ಷಣಾ ದಳಕ್ಕೆ ಫೋನ್ ಮಾಡಿ.