ವೋಲ್ಟೇಜ್ ಇಳಿಸಿದೆ, ಬಿಸಿ ಮಾತ್ರ ಹಾಗೇ ಇತ್ತು

ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ಇಂಟೆಲ್ ಐ7-8750ಎಚ್, 2018ರ ಪ್ರೊಸೆಸರ್. 6 ಕೋರ್, 45 ವಾಟ್. ಈಗಲೂ ಕೆಲಸಕ್ಕೆ ಗಟ್ಟಿ. ಆದರೆ ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ, ಫ್ಯಾನ್ ಹಾಕಿದರೂ ಬಿಸಿಗಾಳಿಯೇ ಬರುತ್ತದೆ, ಅಂಥ ಕೋಣೆಯಲ್ಲಿ ಮದುವೆ ವಿಡಿಯೊ ರೆಂಡರ್‌ಗೆ ಹಾಕಿದರೆ ಪ್ರೊಸೆಸರ್ ಸೀದಾ 97 ಡಿಗ್ರಿಗೆ ಹೋಗಿ ಕೂರುತ್ತದೆ. ಇದರ ಗಡಿ 100. ಅದರ ಹತ್ತಿರ ಹೋದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಥರ್ಮಲ್ ಪೇಸ್ಟ್ ಬದಲಿಸಿದ್ದೆ, ಕೂಲಿಂಗ್ ಪ್ಯಾಡ್ ಕೂಡ ಇತ್ತು. ಸಾಲಲಿಲ್ಲ. ಒಂದು ಭಾನುವಾರ ಅಂಡರ್‌ವೋಲ್ಟ್ ಮಾಡಲು, ಅಂದರೆ ಪ್ರೊಸೆಸರ್‌ಗೆ ಹೋಗುವ ವೋಲ್ಟೇಜ್ ಇಳಿಸಲು, ಕೂತೆ.

ಇದರಲ್ಲಿ ಮಾಯಮಂತ್ರ ಏನೂ ಇಲ್ಲ. ಎಲ್ಲ ಚಿಪ್‌ಗಳೂ ಒಂದೇ ಥರ ಬರುವುದಿಲ್ಲ. ಹಾಗಾಗಿ ಅವುಗಳಲ್ಲಿ ಸ್ವಲ್ಪ ಕಳಪೆಯಾದದ್ದೂ ನಡೆಯಲಿ ಅಂತ ವೋಲ್ಟೇಜನ್ನು ಜಾಸ್ತಿಯೇ ಇಟ್ಟಿರುತ್ತಾರೆ, ಊರಿಗೆಲ್ಲ ಒಂದೇ ಅಳತೆಯ ಅಂಗಿ ಹೊಲಿದ ಹಾಗೆ. ಆ ಸಡಿಲನ್ನು ನಾವು ತೆಗೆಯುತ್ತೇವೆ, ಅಷ್ಟೇ. ಲಾಭ ಮಾತ್ರ ದೊಡ್ಡದು, ಯಾಕೆಂದರೆ ಚಿಪ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್‌ಗೆ) ತಕ್ಕಂತೆ ಏರುತ್ತದೆ. ವೇಗ ಅಷ್ಟೇ ಇಟ್ಟು ವೋಲ್ಟೇಜ್ 10% ಇಳಿಸಿದರೆ ಆ ಖರ್ಚು 19% ಇಳಿಯುತ್ತದೆ.

ವೋಲ್ಟೇಜ್ ಬದಲಿಸುವ ಥ್ರಾಟಲ್‌ಸ್ಟಾಪ್ ಎಂಬ ಸಾಫ್ಟ್‌ವೇರ್ ತೆರೆದು ಕೋರ್ ಮತ್ತು ಕ್ಯಾಶ್ (ಚಿಪ್‌ನೊಳಗಿನ ಚಿಕ್ಕ ಮೆಮೊರಿ) ಎರಡಕ್ಕೂ ಒಂದೇ ಆಫ್‌ಸೆಟ್, ಅಂದರೆ ಎಷ್ಟು ಇಳಿಸಬೇಕೆಂಬ ಅಂಕೆ, ಕೊಟ್ಟೆ. ಈ ತಲೆಮಾರಿನ ಪ್ರೊಸೆಸರ್‌ಗಳಲ್ಲಿ ಒಂದನ್ನೇ ಇಳಿಸಿದರೆ ಪ್ರಯೋಜನ ಇಲ್ಲ. ಮೈನಸ್ 50 ಮಿಲಿವೋಲ್ಟ್‌ನಿಂದ ಶುರು, ಸ್ವಲ್ಪ ಸ್ವಲ್ಪವೇ ಕೆಳಗೆ, ಪ್ರತಿ ಸಲ ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಸಿನೆಬೆಂಚ್ ಓಡಿಸಿ ನೋಡುವುದು. ವೋಲ್ಟೇಜ್ ಉಳಿಸಬೇಡ ಎಂಬ ಆಯ್ಕೆಯನ್ನು ಮೊದಲೇ ಒತ್ತಿಟ್ಟಿದ್ದೆ, ಮಷಿನ್ ಬಿದ್ದರೆ ರೀಸ್ಟಾರ್ಟ್ ಆದಾಗ ಎಲ್ಲ ಮೊದಲಿನಂತಾಗಲಿ ಅಂತ. ಮೈನಸ್ 140ಕ್ಕೆ ನೀಲಿ ಪರದೆ ಬಂದು ವಿಂಡೋಸ್ ಬಿತ್ತು. ಹಿಂದೆ ಸರಿದು 120ಕ್ಕೆ ನಿಲ್ಲಿಸಿದೆ.

ಆದರೆ ಉಷ್ಣತೆ ನೋಡಿದರೆ 96! ಇಳಿದೇ ಇಲ್ಲ. ವೇಗ ನೋಡಿದ ಮೇಲೆ ಗೊತ್ತಾಯಿತು, ಮೊದಲು 2.7 ಗಿಗಾಹರ್ಟ್ಸ್‌ನಲ್ಲಿ ಏದುತ್ತಿದ್ದದ್ದು ಈಗ 3.2ರಲ್ಲಿ ಓಡುತ್ತಿತ್ತು. ಉಳಿಸಿಕೊಟ್ಟ ವಿದ್ಯುತ್ತನ್ನೆಲ್ಲ ವೇಗಕ್ಕೆ ಸುರಿದುಕೊಂಡಿತ್ತು. ಅಂಡರ್‌ವೋಲ್ಟ್ ಮಾಡಿದರೆ ತಣ್ಣಗಾಗುತ್ತೆ ಅಂತ ಸುಮ್ನೆ ಹೇಳುವವರು ಈ ಮಾತನ್ನು ಹೇಳುವುದೇ ಇಲ್ಲ. ತಂಪು ಬೇಕಿದ್ದರೆ ವೇಗಕ್ಕೂ ಲಗಾಮು ಹಾಕಬೇಕು. ಎಲ್ಲ ಕೋರ್‌ಗಳ ಟರ್ಬೊ (ಮೂಲ ವೇಗಕ್ಕಿಂತ ಮೇಲೆ ಏರುವ ವೇಗ) ಮಿತಿಯನ್ನು 30ಕ್ಕೆ, ಅಂದರೆ 3.0 ಗಿಗಾಹರ್ಟ್ಸ್‌ಗೆ ಇಟ್ಟೆ. ಉಷ್ಣತೆ 90ರ ಒಳಗೆ ಬಂತು. ಮೊದಲಿಗಿಂತ ವೇಗ, ಮೊದಲಿಗಿಂತ ತಂಪು, ಇನ್ನೇನು ಬೇಕು ಅಲ್ವಾ?

ಸಂಜೆ ಪಕ್ಕದ ಸ್ಟುಡಿಯೊ ಗೆಳೆಯ ತನ್ನ ಲ್ಯಾಪ್‌ಟಾಪ್ ತಂದ. ಅದರಲ್ಲಿ ಆಫ್‌ಸೆಟ್ ಸರಿಸಲಿಕ್ಕೇ ಬರುತ್ತಿರಲಿಲ್ಲ. “ಹಂಗಾದ್ರ ನಂದ್ರಾಗ ಯಾಕ್ ಆಗವಲ್ದು?” ಅಂದ. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಎಂಬ ದಾಳಿಯನ್ನು ಸಂಶೋಧಕರು ಬಯಲು ಮಾಡಿದ್ದರು: ಸಾಫ್ಟ್‌ವೇರ್‌ನಿಂದ ವೋಲ್ಟೇಜ್ ಇಳಿಸಿ, ಚಿಪ್ ಲೆಕ್ಕ ತಪ್ಪುವಂತೆ ಮಾಡಿ, ಅದರೊಳಗಿನ ಗುಟ್ಟಿನ ಕೀಗಳನ್ನು ತೆಗೆಯಬಹುದು ಅಂತ. ಆಮೇಲೆ ಬಂದ ಬಯೋಸ್ (ಲ್ಯಾಪ್‌ಟಾಪ್ ಶುರುವಾಗುವಾಗ ಮೊದಲು ಓಡುವ ಸಾಫ್ಟ್‌ವೇರ್) ಅಪ್‌ಡೇಟ್‌ಗಳಲ್ಲಿ ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಈ ಬಾಗಿಲು ಮುಚ್ಚಿತು. ಕಾರಣ ಸರಿಯೇ ಇದೆ, ಆದರೂ ಮಾಲೀಕನಿಗೆ ಆಯ್ಕೆ ಇರಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಹಳೆ ಬಯೋಸ್‌ಗೆ ಹೋಗುವುದು ಬೇಡ ಅಂದೆ. ವಿಂಡೋಸ್‌ನ ಪವರ್ ಪ್ಲಾನ್‌ನಲ್ಲಿ ಪ್ರೊಸೆಸರ್ ಗರಿಷ್ಠ ಮಿತಿಯನ್ನು 99%ಗೆ ಇಟ್ಟುಕೊಟ್ಟೆ, ಟರ್ಬೊ ಬಂದ್ ಆಯಿತು. ಅವನ ರೆಂಡರ್ ನಿಧಾನ ಆಗಿದೆ, ಬೇಸಿಗೆ ಮುಗಿಯುವ ತನಕ ಹೀಗೇ ಇರಲಿ ಅಂದಿದ್ದಾನೆ.