ಸೋಮವಾರದ ಸೊನ್ನೆ

14 ನವೆಂಬರ್ 2024, ಗುರುವಾರ, ರಾತ್ರಿ 9:40

ಇವತ್ತು ಕುಡಿತ ಬಿಡುವ ಕೌನ್ಸೆಲಿಂಗಿನ ಐದನೇ ಸಿಟ್ಟಿಂಗ್. ಹೋಗುವುದು ಬೇಡ ಅಂತಲೇ ಇದ್ದೆ. ಜ್ವರ ಅಂತ ಮೆಸೇಜ್ ಟೈಪ್ ಮಾಡಿ, ಕಳಿಸದೆ ಅಳಿಸಿದೆ. ಎಲ್ಲಾ ಸೋಮವಾರದ್ದೇ ರಗಳೆ. ಅಕ್ಟೋಬರ್ 23ರಿಂದ ಹತ್ತೊಂಬತ್ತು ದಿನ ಒಂದು ಹನಿ ಮುಟ್ಟದವಳು ಸೋಮವಾರ ರಾತ್ರಿ ಕುಡಿದೆ. ಒಂದು ಗ್ಲಾಸ್ ಅಲ್ಲ, ಇಡೀ ವೈನ್ ಬಾಟಲಿ.

ಕೌನ್ಸೆಲರ್ ಕೊಟ್ಟ ಹಾಳೆಯಲ್ಲಿ ದಿನಕ್ಕೊಂದು ಸಾಲಿದೆ: ಎಷ್ಟು ಹೊತ್ತಿಗೆ, ಎಷ್ಟು, ಅದಕ್ಕೆ ಮುಂಚೆ ಏನಾಯಿತು, ಮನಸ್ಸು ಹೇಗಿತ್ತು. ಮಂಗಳವಾರ ಬೆಳಿಗ್ಗೆ, ತಲೆ ಸಿಡಿಯುತ್ತಿರುವಾಗಲೇ, ಸೋಮವಾರದ ಸಾಲಿನಲ್ಲಿ ಸೊನ್ನೆ ಬರೆದಿದ್ದೆ. ದುಂಡಗೆ ಬಂದಿತ್ತು, ಬೇರೆ ದಿನದ ನಿಜವಾದ ಸೊನ್ನೆಗಳಿಗಿಂತ ಚೆನ್ನಾಗಿ.

ಅವರು ಹಾಳೆ ನೋಡಿದರು. ಹೊಗಳಲಿಲ್ಲ, ಅನುಮಾನಿಸಲೂ ಇಲ್ಲ. "ಇದರಲ್ಲಿ ಯಾವ ದಿನ ತುಂಬಾ ಕಷ್ಟವಾಯಿತು?" ಅಂದರು, ಅಷ್ಟೇ. ನಾನು ಸೋಮವಾರದ ಮೇಲೆ ಬೆರಳಿಟ್ಟೆ. ಬೆರಳು ಅಲ್ಲೇ ಉಳಿಯಿತು, ಅಳು ಬಂತು. ಆ ಬಾಟಲಿ ಅಟ್ಟದ ಮೇಲೆ ಸೂಟ್‌ಕೇಸಿನ ಹಿಂದೆ ಇತ್ತು ಅಂತಲೂ ಹೇಳಿದೆ. ಮನೆಯಲ್ಲಿ ಇದ್ದದ್ದನ್ನೆಲ್ಲಾ ತೆಗೆದುಹಾಕಿದ್ದೇನೆ ಅಂತ ಎರಡನೇ ಸಿಟ್ಟಿಂಗಿನಲ್ಲಿ ಹೇಳಿದ್ದೆನಲ್ಲ. ಅದೊಂದನ್ನು ಮರೆತಿದ್ದೆ ಅಂದರೆ ಅದೂ ಸುಳ್ಳೇ.

ಬೈಗುಳಕ್ಕೆ ಕಾಯುತ್ತಿದ್ದೆ. "ಪರವಾಗಿಲ್ಲ ಬಿಡಿ" ಅಂತ ಸಮಾಧಾನ ಹೇಳಿದ್ದರೆ ಇನ್ನೂ ಸಿಟ್ಟು ಬರುತ್ತಿತ್ತೇನೋ. ಅವರು ಎರಡೂ ಮಾಡದೆ ಪೆನ್ನು ತೆಗೆದು, "ಸಂಜೆ ಐದರಿಂದ ಹೇಳಿ" ಅಂದರು. ಒಂದೊಂದಾಗಿ ಹೇಳಿದೆ. ಆಫೀಸಿನ ಮೀಟಿಂಗಿನಲ್ಲಿ ನನ್ನ ಮಾತನ್ನು ಮೂರು ಸಲ ಅರ್ಧಕ್ಕೇ ತುಂಡರಿಸಿದ್ದು, ನಾನು ನಕ್ಕಿದ್ದು. ಮಧ್ಯಾಹ್ನ ಊಟ ಬಿಟ್ಟದ್ದು. ಮನೆಗೆ ಬಂದಾಗ ಯಾರೂ ಇಲ್ಲದ್ದು. ಬ್ಯಾಗನ್ನು ಹೆಗಲಿನಿಂದ ಇಳಿಸದೆಯೇ ಸ್ಟೂಲು ಹತ್ತಿದ್ದು. ಹಸಿವು, ಕೋಪ, ಒಂಟಿತನ, ದಣಿವು: ಈ ನಾಲ್ಕರಲ್ಲಿ ಒಂದಿದ್ದರೂ ಹುಷಾರಾಗಿರಿ ಅಂತ ಮೊದಲೇ ಹೇಳಿದ್ದರು. ನನಗೆ ನಾಲ್ಕೂ ಇದ್ದವು.

"ಮೊದಲ ಗ್ಲಾಸ್ ಯಾಕೆ ಅಂತ ಗೊತ್ತಾಯಿತು. ಎರಡನೆಯದು ಯಾಕೆ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಿಜ ಹೇಳಬೇಕೆಂದರೆ ಎರಡನೇ ಗ್ಲಾಸ್ ಹೊತ್ತಿಗೆ ಆ ಮೀಟಿಂಗ್ ತಲೆಯಲ್ಲೇ ಇರಲಿಲ್ಲ. ಇದ್ದದ್ದು ಒಂದೇ: ಹೇಗೂ ಕೆಟ್ಟಾಯಿತಲ್ಲ, ಇನ್ನು ಉಳಿಸಿ ಏನು ಮಾಡಲಿ. ಅಂದರೆ ಮೊದಲನೆಯದನ್ನು ಕುಡಿಸಿದ್ದು ಕೋಪ, ಉಳಿದದ್ದನ್ನು ಕುಡಿಸಿದ್ದು ನಾಚಿಕೆ. "ವ್ರತಭಂಗದ ಲೆಕ್ಕಾಚಾರ" ಅಂತ ಅವರು ನಕ್ಕರು. ಅಮೆರಿಕದ ಮನಃಶಾಸ್ತ್ರಜ್ಞ ಆಲನ್ ಮಾರ್ಲಟ್ 1980ರ ದಶಕದಲ್ಲೇ ಇದಕ್ಕೊಂದು ಹೆಸರಿಟ್ಟು ಬರೆದಿದ್ದಾರಂತೆ. ಒಮ್ಮೆ ಜಾರಿದ್ದಕ್ಕೆ "ನಾನೇ ಸರಿಯಿಲ್ಲ" ಅಂದುಕೊಳ್ಳುವವರು ಮತ್ತಷ್ಟು ಜಾರುತ್ತಾರೆ. "ಆ ಸಂಜೆಯಲ್ಲಿ ಏನೋ ಎಡವಟ್ಟಾಯಿತು" ಅನ್ನುವವರಿಗೆ ಎದ್ದು ನಿಲ್ಲುವುದು ಸುಲಭ. ನನ್ನಂಥವಳು ಆ ಕಾಲದಲ್ಲೂ ಇದ್ದಳು ಅಂತ ಕೇಳಿ ಯಾಕೋ ಹಗುರಾಯಿತು.

ನಾಚಿಕೆ ನಮ್ಮ ಪಾಲಿಗೆ ಜಾಸ್ತಿಯೇ ಬಂದಿದೆ. "ಕುಡುಕ" ಅನ್ನುವಾಗ ಜನ ಎಷ್ಟೋ ಸಲ ನಗುತ್ತಾರೆ. "ಕುಡುಕಿ" ಅನ್ನುವಾಗ ಯಾರೂ ನಕ್ಕಿದ್ದು ನಾನು ಕೇಳಿಲ್ಲ. ಜೀನ್ ಕರ್ಕ್‌ಪ್ಯಾಟ್ರಿಕ್ ಎಂಬ ಸಮಾಜಶಾಸ್ತ್ರಜ್ಞೆ, ಸ್ವತಃ ಕುಡಿತದಿಂದ ಹೊರಬಂದವರು, 1970ರ ದಶಕದಲ್ಲಿ ಅಮೆರಿಕದಲ್ಲಿ ಹೆಂಗಸರಿಗೆಂದೇ ಒಂದು ಗುಂಪು ಕಟ್ಟಿದರು. 1935ರಲ್ಲಿ ಶುರುವಾದ, ಕುಡಿತ ಬಿಡಲು ಒಬ್ಬರಿಗೊಬ್ಬರು ಆಸರೆಯಾಗುವವರ ಗುಂಪು ಆಲ್ಕೊಹಾಲಿಕ್ಸ್ ಅನಾನಿಮಸ್‌ನ (ಎಎ) ಮೊದಲ ಮೆಟ್ಟಿಲೇ "ನನ್ನ ಕೈಲಾಗದು" ಅಂತ ಒಪ್ಪಿಕೊಳ್ಳುವುದು. ಹೆಂಗಸರು ಮೊದಲೇ ಕುಗ್ಗಿಹೋಗಿ ಬಂದಿರುತ್ತಾರೆ, ಅವರಿಗೆ ಬೇಕಾದದ್ದು ತಮ್ಮ ಮೇಲಿನ ನಂಬಿಕೆ ಅನ್ನುವುದು ಕರ್ಕ್‌ಪ್ಯಾಟ್ರಿಕ್ ವಾದ. ಎಎಯಿಂದಲೇ ಬದುಕು ತಿರುಗಿದ ಹೆಂಗಸರೂ ಬೇಕಾದಷ್ಟು ಜನ ಇದ್ದಾರೆ, ಅದನ್ನು ತಳ್ಳಿಹಾಕುತ್ತಿಲ್ಲ. ನನಗೆ ಮಾತ್ರ ಈ ವಾದವೇ ಹಿಡಿಸಿತು.

ಮೊದಲ ಸಿಟ್ಟಿಂಗಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕುಡಿತದ ಬಗ್ಗೆ ಹತ್ತು ಪ್ರಶ್ನೆಗಳ ಆಡಿಟ್ ಎಂಬ ಪಟ್ಟಿ ತುಂಬಿಸಿದ್ದರು. ಒಟ್ಟು 40ಕ್ಕೆ ಎಂಟೋ ಅದಕ್ಕಿಂತ ಹೆಚ್ಚೋ ಬಂದರೆ ಗಮನ ಕೊಡಬೇಕು. "ದಿನಕ್ಕೆ ಎರಡು ಗ್ಲಾಸ್" ಅಂತ ಧೈರ್ಯವಾಗಿ ಬರೆದೆ. ಮುಂದಿನ ವಾರ ಮನೆಯ ಗ್ಲಾಸನ್ನೇ ತನ್ನಿ ಅಂದರು. ತಂದೆ. ಯಾವಾಗಲೂ ಸುರಿಯುವ ಮಟ್ಟಕ್ಕೆ ನೀರು ಹಾಕಿ ಅಂದರು. ಹಾಕಿದೆ. ಅದನ್ನು ಅಳತೆಯ ಜಾರ್‌ಗೆ ಬಗ್ಗಿಸಿದರು: 250 ಮಿಲಿ. ಶೇಕಡಾ 12ರ ವೈನ್ ಆದರೆ ಅದರಲ್ಲಿ ಹತ್ತಿರ ಹತ್ತಿರ 24 ಗ್ರಾಂ ಆಲ್ಕೋಹಾಲ್. ಹತ್ತು ಗ್ರಾಂಗೆ ಒಂದು ಡ್ರಿಂಕ್ ಅಂತ ಹಿಡಿದರೆ ನನ್ನ ಒಂದು ಗ್ಲಾಸ್ ಎರಡಕ್ಕೂ ಹೆಚ್ಚು, ನನ್ನ "ಎರಡು" ಹತ್ತಿರ ಐದು. ಹೆಂಗಸರ ಮೈಯಲ್ಲಿ ನೀರಿನ ಅಂಶ ಕಡಿಮೆ, ಹಾಗಾಗಿ ಗಂಡಸಿನಷ್ಟೇ ಕುಡಿದರೂ ರಕ್ತದಲ್ಲಿ ಸಾಂದ್ರತೆ ಏರುವುದು ಹೆಚ್ಚು ಅಂತಲೂ ಆವತ್ತೇ ತಿಳಿಯಿತು. ಗ್ಲಾಸಿನ ಅಂಚಿಗೆ ನನ್ನ ಲಿಪ್‌ಸ್ಟಿಕ್ ಮೆತ್ತಿತ್ತು, ತೊಳೆದು ತರಬೇಕಿತ್ತು.

ನನ್ನ ಹಾಗೆ ಶುರುಮಾಡುವವರಿಗೆ ಒಂದು ಮಾತು. ನನ್ನನ್ನು ಮೊದಲು ಡಾಕ್ಟರ ಹತ್ತಿರ ಕಳಿಸಿದರು, ಅವರು ಸರಿ ಅಂದ ಮೇಲೆಯೇ ನಿಲ್ಲಿಸಿದ್ದು. ದಿನಾ ಜಾಸ್ತಿ ಕುಡಿಯುವವರು ದಿಢೀರಂತ ಬಿಟ್ಟರೆ ಕೈನಡುಕವಷ್ಟೇ ಅಲ್ಲ, ಫಿಟ್ಸ್ ಕೂಡ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಹಟ ಹಿಡಿದು ಒಬ್ಬಳೇ ಮಾಡುವ ಕೆಲಸವಲ್ಲ.

ಆಸೆ ಬಂದಾಗ ಅದರ ಜೊತೆ ಜಗಳವಾಡದೆ, ಅಲೆಯಂತೆ ಏರಿ ಇಳಿಯುವುದನ್ನು ಸುಮ್ಮನೆ ನೋಡುತ್ತಾ ಕೂರಿ ಅನ್ನುತ್ತಾರೆ. ನಾನು ಬಚ್ಚಲುಮನೆಯ ನೆಲದ ಮೇಲೆ ಫೋನಿನಲ್ಲಿ ಟೈಮರ್ ಇಟ್ಟುಕೊಂಡು ಕೂರುತ್ತೇನೆ. ವಿಪರೀತ ಬೋರು. ನಿನ್ನೆ 22 ನಿಮಿಷಕ್ಕೆ ಇಳಿಯಿತು, ಇವತ್ತು ಇನ್ನೂ ಬಂದಿಲ್ಲ.

ಹಾಳೆ ಪಕ್ಕದಲ್ಲಿದೆ. ಸೋಮವಾರದ ಸೊನ್ನೆಯ ಮೇಲೆ ಅಡ್ಡ ಗೀಟು ಎಳೆದು, ಸಿಟ್ಟಿಂಗಿನಲ್ಲೇ ಕೌನ್ಸೆಲರ್ ಪೆನ್ನಿನಿಂದ ಏಳು ಡ್ರಿಂಕ್ ಅಂತ ಬರೆದೆ. 750 ಮಿಲಿಗೆ ಅಷ್ಟಾಗುತ್ತದೆ. ಕೆಳಗಿನ ಸೊನ್ನೆ ಇನ್ನೂ ಕಾಣುತ್ತದೆ. ಇವತ್ತಿನ ಸಾಲು ಖಾಲಿ ಇದೆ, ಮಲಗುವ ಮುಂಚೆ ತುಂಬಬೇಕು.