ಹಸಿದಿದ್ದಾರೆ, ಆದರೆ ಉಪವಾಸದಿಂದ ಸಾಯುತ್ತಿಲ್ಲ

ಸರ್ವಾಧಿಕಾರಿಯ ಕ್ರೌರ್ಯಕ್ಕೆ ಹೊರದೇಶದ ಪತ್ರಕರ್ತರೋ ರಾಜಕಾರಣಿಗಳೋ ಸಮಜಾಯಿಷಿ ನೀಡಿದಾಗ, ಪಾಪ, ಅವರಿಗೆ ನಿಜ ಗೊತ್ತಿರಲಿಲ್ಲವೆಂದು ನಾವು ಬಹುಬೇಗ ಕ್ಷಮಿಸಿಬಿಡುತ್ತೇವೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮಾಸ್ಕೋ ಪ್ರತಿನಿಧಿಯಾಗಿದ್ದ ವಾಲ್ಟರ್ ಡ್ಯುರಾಂಟಿ ಅವರ ವಿಷಯದಲ್ಲಿ ಅಂಥ ರಿಯಾಯಿತಿಗೆ ಆಸ್ಪದವೇ ಇಲ್ಲ.

1932-33ರ ಕ್ಷಾಮದಲ್ಲಿ, ಆಗ ಸೋವಿಯತ್ ಒಕ್ಕೂಟದ ಭಾಗವಾಗಿದ್ದ ಉಕ್ರೇನಿನ ಕಪ್ಪು ಮಣ್ಣಿನ ಸೀಮೆಯಲ್ಲಿ ಸತ್ತವರ ಸಂಖ್ಯೆಯನ್ನು ಇತಿಹಾಸಕಾರರು 35ರಿಂದ 50 ಲಕ್ಷದವರೆಗೆ ಅಂದಾಜಿಸುತ್ತಾರೆ. ಬೆಳೆ ಕಡಿಮೆಯಾಗಿದ್ದುದು ನಿಜ. ಆದರೆ ಇದ್ದ ಬೆಳೆಯನ್ನೂ ಸ್ಟಾಲಿನ್ ಸರ್ಕಾರ ಲೆವಿಯ ಹೆಸರಿನಲ್ಲಿ ಕಣದಿಂದಲೇ ಎತ್ತಿಕೊಂಡು ಹೋಯಿತು, ಧಾನ್ಯದ ರಫ್ತನ್ನೂ ನಿಲ್ಲಿಸಲಿಲ್ಲ. ಸಾಮೂಹಿಕ ಹೊಲದಲ್ಲಿ ಉದುರಿದ ತೆನೆ ಆಯ್ದುಕೊಂಡವರನ್ನೂ ಕಳ್ಳರೆಂದು ಹಿಡಿದು ಹತ್ತು ವರ್ಷ ಸೆರೆಗೆ, ಇಲ್ಲವೇ ಮರಣದಂಡನೆಗೆ ಗುರಿಪಡಿಸಬಹುದಾದ ಕಾನೂನು 1932ರ ಆಗಸ್ಟ್‌ನಲ್ಲಿ ಬಂತು. 1933ರ ಜನವರಿಯಲ್ಲಿ, ಹಸಿದ ರೈತರು ಗುಳೆ ಹೋಗದಂತೆ ಉಕ್ರೇನಿನ ಗಡಿಯನ್ನೇ ಮುಚ್ಚಲಾಯಿತು.

ಆ ಮಾರ್ಚ್‌ನಲ್ಲಿ ಇಪ್ಪತ್ತೇಳು ವರ್ಷದ ವೇಲ್ಸ್ ಪತ್ರಕರ್ತ ಗ್ಯಾರೆತ್ ಜೋನ್ಸ್ ಮಾಸ್ಕೋದಿಂದ ಖಾರ್ಕಿವ್ ಕಡೆಗೆ ಹೊರಟು, ನಡುವೆಯೇ ರೈಲಿಳಿದು ಹಳ್ಳಿಯಿಂದ ಹಳ್ಳಿಗೆ ನಡೆದರು. ಹೋದಲ್ಲೆಲ್ಲ ಕೇಳಿದ್ದು ಒಂದೇ ಮಾತು: ರೊಟ್ಟಿಯಿಲ್ಲ, ಸಾಯುತ್ತಿದ್ದೇವೆ. ಅವರು ಕಂಡದ್ದರಲ್ಲಿ ರೈಲಿನ ಒಂದು ಪ್ರಸಂಗ ನನ್ನನ್ನು ಬಿಡದೆ ಕಾಡುತ್ತದೆ. ಬರಗಾಲವೇ ಇಲ್ಲವೆಂದು ಸಹಪ್ರಯಾಣಿಕನಾದ ಕಮ್ಯುನಿಸ್ಟನೊಬ್ಬ ವಾದಿಸುತ್ತಿದ್ದಾಗ, ಜೋನ್ಸ್ ತಾವು ತಿನ್ನುತ್ತಿದ್ದ ರೊಟ್ಟಿಯ ತುಣುಕನ್ನು ಪೀಕದಾನಿಗೆ ಎಸೆದರು. ಪಕ್ಕದಲ್ಲಿದ್ದ ರೈತನೊಬ್ಬ ಪೀಕದಾನಿಗೆ ಕೈಹಾಕಿ ಅದನ್ನು ತೆಗೆದು ಗಬಗಬನೆ ತಿಂದ. ಬಳಿಕ ಎಸೆದ ಕಿತ್ತಳೆಯ ಸಿಪ್ಪೆಯನ್ನೂ ಬಿಡಲಿಲ್ಲ.

ಮಾರ್ಚ್ 29ರಂದು ಬರ್ಲಿನ್‌ನಲ್ಲಿ ಜೋನ್ಸ್ ಇದನ್ನೆಲ್ಲ ಜಗತ್ತಿಗೆ ತಿಳಿಸಿದರು. ಎರಡೇ ದಿನದಲ್ಲಿ ಡ್ಯುರಾಂಟಿಯವರ ಲೇಖನ ಪ್ರಕಟವಾಯಿತು: ರಷ್ಯನ್ನರು ಹಸಿದಿದ್ದಾರೆ, ಆದರೆ ಉಪವಾಸದಿಂದ ಸಾಯುತ್ತಿಲ್ಲ, ಅಪೌಷ್ಟಿಕತೆಯ ಕಾಯಿಲೆಗಳಿಂದ ಸಾವುಗಳಾಗುತ್ತಿವೆ, ಅಷ್ಟೆ, ಮೊಟ್ಟೆ ಒಡೆಯದೆ ಆಮ್ಲೆಟ್ ಆಗದು. ಲಕ್ಷಾಂತರ ಹೆಣಗಳನ್ನು ಮೊಟ್ಟೆಯ ಚಿಪ್ಪಿಗೆ ಹೋಲಿಸಿದ ಈ ಲೇಖನವನ್ನು ಬರೆದವರು ಹಿಂದಿನ ವರ್ಷವಷ್ಟೇ ಪುಲಿಟ್ಜರ್ ಪ್ರಶಸ್ತಿ ಪಡೆದಿದ್ದ ಹೆಸರಾಂತ ವರದಿಗಾರ. ಜನ ಯಾರನ್ನು ನಂಬಿದರೆಂದು ಬೇರೆ ಹೇಳಬೇಕಿಲ್ಲ. ಮಾಸ್ಕೋದ ಇತರ ವರದಿಗಾರರೂ ಜೋನ್ಸ್ ಅವರ ಕೈಬಿಟ್ಟರು. ಸೆನ್ಸಾರ್ ಅಧಿಕಾರಿಗಳ ಕೃಪೆ ತಪ್ಪಿದರೆ ಬೇಹುಗಾರಿಕೆಯ ಆರೋಪದಡಿ ಆಗ ಮಾಸ್ಕೋದಲ್ಲಿ ನಡೆಯಬೇಕಿದ್ದ ಬ್ರಿಟಿಷ್ ಇಂಜಿನಿಯರುಗಳ ಮೇಲಿನ ಮೊಕದ್ದಮೆಯ ವರದಿಗೆ ಅಡ್ಡಿಯಾಗುತ್ತಿತ್ತೆಂಬುದನ್ನು ಅವರಲ್ಲೊಬ್ಬರಾದ ಯುಜೀನ್ ಲಯನ್ಸ್ ಕೆಲವು ವರ್ಷಗಳ ನಂತರ ಒಪ್ಪಿಕೊಂಡರು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮಾಸ್ಕೋದ ಬ್ರಿಟಿಷ್ ರಾಯಭಾರ ಕಚೇರಿ ಲಂಡನ್ನಿಗೆ ಕಳಿಸಿದ ಟಿಪ್ಪಣಿಯೊಂದಿದೆ. ಆಹಾರವಿಲ್ಲದೆ ಒಂದು ಕೋಟಿ ಜನರವರೆಗೆ ಸತ್ತಿರುವುದು ಸಾಧ್ಯವೆಂದು ಸ್ವತಃ ಡ್ಯುರಾಂಟಿಯವರು ಅಲ್ಲಿ ಹೇಳಿದ್ದಾಗಿ ಅದರಲ್ಲಿ ದಾಖಲಾಗಿದೆ. ಅಧಿಕಾರಿಗಳೆದುರು ಆಡಿದ ಮಾತನ್ನು ಓದುಗರೆದುರು ನುಂಗಿಕೊಂಡದ್ದನ್ನು ನಾನು ಅಜ್ಞಾನವೆನ್ನಲಾರೆ. ಕ್ರೆಮ್ಲಿನ್ನಿನ ಬಾಗಿಲು ತನಗೆ ತೆರೆದಿರಬೇಕೆಂಬ ಆಸೆಗೆ ಅವರು ತೆತ್ತ ಬೆಲೆ ಅದು, ಮತ್ತು ಅದನ್ನು ತೆತ್ತದ್ದು ಪರರ ಪ್ರಾಣದಿಂದ.

ರಾಜಕಾರಣಿಗಳೇನೂ ಹಿಂದೆ ಬೀಳಲಿಲ್ಲ. ಫ್ರಾನ್ಸಿನ ಮಾಜಿ ಪ್ರಧಾನಿ ಎಡ್ವಾರ್ ಎರಿಯೋ 1933ರ ಬೇಸಿಗೆಯ ಕೊನೆಗೆ ಸೋವಿಯತ್ ಸರ್ಕಾರವೇ ಅಣಿಗೊಳಿಸಿದ್ದ ಪ್ರವಾಸ ಮುಗಿಸಿ ಬಂದು, ಉಕ್ರೇನ್ ಹೂಬಿಟ್ಟ ತೋಟದಂತಿದೆ ಎಂದರು. ನವೆಂಬರ್‌ನಲ್ಲಿ ಅಮೆರಿಕ ಸೋವಿಯತ್ ಸರ್ಕಾರಕ್ಕೆ ಮಾನ್ಯತೆ ನೀಡಿತು. ಕ್ಷಾಮವನ್ನು ಆ ಸರ್ಕಾರ 1980ರ ದಶಕದ ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ. ನಮ್ಮ ಹಿರಿಯರು ಅಗ್ಗದ ಬೆಲೆಗೆ ಕೊಂಡು ಕನ್ನಡದಲ್ಲಿ ಓದಿದ ಸೋವಿಯತ್ ಪುಸ್ತಕಗಳಲ್ಲಿ ಅದರ ಸುಳಿವಾದರೂ ಎಲ್ಲಿಂದ ಬರಬೇಕು?

ಜೋನ್ಸ್ 1935ರಲ್ಲಿ, ಮೂವತ್ತು ತುಂಬುವ ಮುನ್ನಾದಿನ, ಒಳ ಮಂಗೋಲಿಯಾ ಸೀಮೆಯಲ್ಲಿ ಡಕಾಯಿತರ ಕೈಯಲ್ಲಿ ಕೊಲೆಯಾದರು. ಡ್ಯುರಾಂಟಿಯವರ ಪ್ರಶಸ್ತಿಯನ್ನು ಹಿಂಪಡೆಯಬೇಕೆಂಬ ಒತ್ತಾಯವನ್ನು 2003ರಲ್ಲಿ ಪುಲಿಟ್ಜರ್ ಮಂಡಳಿ ತಳ್ಳಿಹಾಕಿತು: ಪ್ರಶಸ್ತಿ ಸಂದದ್ದು 1931ರ ಬರಹಗಳಿಗೆ, ಅವುಗಳಲ್ಲಿ ಉದ್ದೇಶಪೂರ್ವಕ ವಂಚನೆಗೆ ಸ್ಪಷ್ಟ ಪುರಾವೆ ಇಲ್ಲ ಎಂಬುದು ಅದರ ವಾದ. ನಿಯಮದ ಪ್ರಕಾರ ಅದು ಸರಿಯಿರಬಹುದು. ಆದರೆ ಆ ಬರಹಗಳು ಸ್ಟಾಲಿನ್ ಆಡಳಿತದ ಮಾತನ್ನೇ ಪರಾಮರ್ಶಿಸದೆ ಒಪ್ಪಿಸಿದ್ದವೆಂದು ನ್ಯೂಯಾರ್ಕ್ ಟೈಮ್ಸ್ ನೇಮಿಸಿದ ಇತಿಹಾಸಕಾರರೇ ವರದಿ ಕೊಟ್ಟ ಮೇಲೂ ಆ ಗೌರವವನ್ನು ಉಳಿಸಿದ್ದು ಅನ್ಯಾಯವೆಂದೇ ನನ್ನ ನಂಬಿಕೆ.